‘ಗ’ ಇಲ್ಲದ ಹಾಡು

ಗೋವಾಕ್ಕ ಬೆಲ್ಲ ಇಳಿಸಿ ಬಂದ ಲಾರಿಯಾಗ
ಕ್ಲೀನರ್ ಗೈಬುಸಾಬ ಒಂದು ಕ್ಯಾಸೆಟ್ ತಂದಿದ್ದ.
ಮ್ಯಾಲಿನ ಚೀಟಿ ಹರದಿತ್ತು. ಹಾಡಿದಾಂವ ಯಾರು,
ಯಾವ ಸಮುದ್ರದ ಆಚಿಗಿನಾಂವ, ಗೊತ್ತಿಲ್ಲ.
ಆ ವರ್ಷ ಜಗತ್ತಿನ ತುಂಬ ಅದ ಹಾಡಂತ,
ಒಂದನೇ ನಂಬರಂತ.
ಮಹಾಲಿಂಗಪುರದ ಬೆಲ್ಲದ ಪ್ಯಾಟ್ಯಾಗ
ನಾವು ಜಗತ್ತನ್ನ ನಂಬೂದು ಕಡಿಮಿ,
ಗೈಬುಸಾಬನ್ನ ನಂಬತಿದ್ವಿ.

ನಮ್ಮಪ್ಪ ಹೊಳೆಬಸಪ್ಪ ಭಜಂತ್ರಿ,
ಕ್ಲಾರ್ನೆಟ್ ಮಾಸ್ತರ,
ಕೆಂಪು ಕೋಟು, ಭುಜದ ಮ್ಯಾಲ ಹಳದಿ ಗೊಂಡೆ,
ಎರಡು ರಾತ್ರಿ ಟೇಪಿನ ಮುಂದ ಕುಂತ.
ಸೆಲ್ ಸೋತಾಗ ಹಾಡು ಎಮ್ಮಿ ನಡದಂಗ ನಡೀತಿತ್ತು,
ಸ್ವರ ಹಿಡ್ಯಾಕ ಇದ ಹಗುರ ಅಂತಿದ್ದ.
ಉದ್ದರಿ ವಹಿಯ ಕಡೀ ಹಾಳ್ಯಾಗ ಬರಕೊಂಡ:
ಸ ರಿ ಗ ಮ, ಗ ರಿ, ಗ ರಿ ಸ.
ನಡುವ ಒಂದು ಮಾತು ನಮ್ಮ ಕಿವಿಗೆ
‘ತಾಳೊ ಅಳಿಯಾ’ ಅಂದಂಗ ಕೇಳಿಸಿತು.
ಅದ ಹೆಸರಾತು.

ಮರುದಿನ ನಾನು ಕ್ಲಾರ್ನೆಟ್ ಕೆಡವಿದೆ.
ಒಂಬತ್ತು ವರ್ಷದಾಕಿ, ಒಮ್ಮೆ ಊದಿ ನೋಡೂ ಆಸೆ;
ಹುಡಿಗ್ಯಾರು ಊದಿದ್ರ ಹಲ್ಲು ಮುಂದ ಬರತಾವ
ಅಂತಿದ್ಲು ಅವ್ವ.
ಕಟ್ಟಿ ಮ್ಯಾಲಿಂದ ಕಲ್ಲಿಗೆ ಬಿತ್ತು. ಒಂದು ಕೀಲಿ ಮುರೀತು.
ರಬ್ಬರ್ ಬ್ಯಾಂಡ್ ಸುತ್ತಿ ಪೆಟಿಗ್ಯಾಗ ಇಟ್ಟು
ಹದಿಮೂರರ ಮಗ್ಗಿ ಜೋರಾಗಿ ಒದರಿದೆ.

ಅವತ್ತ ಸಂಜಿಗೆ ತೇರದಾಳದಾಗ ಮದುವಿ.
ಹೊಸಾ ಹಾಡು. ಗ ಬರಲಿಲ್ಲ.
ಆ ಜಾಗಾ ಬಂದಾಗ ಅಪ್ಪ ಉಸರು ಹಿಡದ,
ಖಾಲಿ ಬಿಟ್ಟ.
ದುರಗಪ್ಪ ಕಾಕಾ ಗಾಬರ್ಯಾಗಿ
ಆ ತೆಗ್ಗಿಗೆ ಡ್ರಮ್ಮಿನ ಎರಡು ಏಟು ಸುರದ:
ಟಕ ಟಕ.
ಕುಣಿಯಾಕ ಕಾಲು ಎತ್ತಿದ್ದ ವರನ ಸ್ವಾದರಮಾವ
ಎತ್ತಿದ ಕಾಲಾಗ ನಿಂತ, ಹೊಳಿ ದಂಡಿ ಕೊಕ್ಕರಿ ಹಂಗ,
ಏಟು ಮುಗಿಯೂತನಕ.
ಮಂದಿ ಕೇಕಿ ಹಾಕಿತು.
ಮತ್ತ ಮತ್ತ ಅದನ್ನ ಬಾರಸ್ರಿ ಅಂತು.

ಬನಹಟ್ಟಿ, ರಬಕವಿ, ಮುಧೋಳ, ಜಮಖಂಡಿ.
ಮಗ್ಗದ ಹುಡುಗರು ಸಿಳ್ಳಿನ್ಯಾಗೂ ಗ ನುಂಗಿದ್ರು.
ಕ್ಲಾರ್ನೆಟ್ ನೆಟ್ಟಗಿದ್ದ ಬ್ಯಾಂಡಿನವರೂ
ಆ ಜಾಗಾ ಖಾಲಿ ಬಿಡಾಕ ಕಲತ್ರು.
ತಿಂಗಳಿಗೆ ಅಪ್ಪ ಮಿರಜಿಗೆ ಹೋಗಿ
ಹೊಸಾ ಕೀಲಿ ಹಾಕಿಸಿಕೊಂಡು ಬಂದ.
ಬಾಕೀ ಹಾಡಿನ್ಯಾಗೆಲ್ಲಾ ಗ ಬಂತು.
ಇದರಾಗ ಬರಲಿಲ್ಲ.
ಯಾರು ಮುರದ್ರು ಅಂತ ಕೇಳಲೂ ಇಲ್ಲ.
ನಾನು ಹೇಳಲೂ ಇಲ್ಲ.

ಈಗ ಡಿಜೆ. ಹೋದ ವರ್ಷ ಮುಧೋಳದಾಗ
ಆಕಾಶ ಮುಗಳಖೋಡ ಅನ್ನೂ ಹುಡುಗ
ಅಸಲೀ ಹಾಡು ಹಚ್ಚಿದ, ಪಡಸಾಲಿ ನಡುಗೂವಂಗ.
ಮಂದಿ ಕಾಲು ಎತ್ತಿತು. ಹಾಡು ನಿಲ್ಲಲಿಲ್ಲ.
ಎತ್ತಿದ್ದನ್ನ ಎಲ್ಲಿ ಇಡಬೇಕು ತಿಳೀಲಾರದ
ಒಬ್ಬರ ಮ್ಯಾಲ ಒಬ್ಬರು.
‘ತಪ್ಪು ಹಾಡ್ಯಾನೋ ಅಂವ,’ ಅಂತ ಒಬ್ಬ ಮುದುಕ,
‘ಹೊಳೆಬಸಪ್ಪನ ಕೈಯಾಗ ಕಲೀಬೇಕಿತ್ತು.’
ಮುಂದಿನ ಮದುವಿಗೆ ಆಕಾಶ ಹಾಡು ಕತ್ತರಿಸಿದ,
ಕಂಪ್ಯೂಟರಿನ್ಯಾಗ ಗ ಕಿತ್ತಿ ಒಗದ,
ಟಕ ಟಕ ಕೂಡಿಸಿದ.

ಅಪ್ಪ ಹೋದ ಮ್ಯಾಲ ವಹಿ ನನ್ನ ಕಡೆ ಬಂತು.
ಯಾರ್ಯಾರೋ ಕೊಡಬೇಕಾದ ಮುಂಗಡ, ಡ್ರಮ್ಮಿನ ಚರ್ಮ,
ಕೋಟು ಇಸ್ತ್ರಿ.
ನಡುವ ಒಂದು ಸಾಲು:
ಮಿರಜ, ಕೀಲಿ, ಎಂಬತ್ತೈದು ರೂಪಾಯಿ.
ಯಾರ ಹೆಸರಿಗೆ ಖರ್ಚು ಅನ್ನೂ ಕಡೆ
‘ಕಸ್ತೂರಿ’ ಅಂತ ಬರದು, ಹೊಡದು ಹಾಕಿ,
‘ದೇವರು’ ಅಂತ ಬರದಿದ್ದ.

ನಿನ್ನೆ ಲೋಕಾಪುರದ ಬಸ್ಸಿನ್ಯಾಗ
ಯಾರದೋ ಮೊಬೈಲಿನ್ಯಾಗ ಇಡೀ ಹಾಡು ಕೇಳಿದೆ,
ಗ ಕೂಡಿ, ಕಡೀತನಕ.
ಚಂದ ಐತಿ. ಆ ಹಾಡಗಾರನ ದನಿ
ತುಪ್ಪ ಸವರಿದಂಗ ಐತಿ. ಎಲ್ಲಾ ತುಂಬೇತಿ.
ನನ್ನ ಕಾಲಿಗೆ ನಿಲ್ಲಾಕ
ಎಲ್ಲೂ ಜಾಗಾ ಇರಲಿಲ್ಲ.