ಪದಕ್ಕೆ ಆರು ಪೆನ್ಸ್

ಚೀಟಿ ಅಂಟಿಸಿದ್ದು ಬಟ್ಟೆ ಒಗೆಯುವ ಅಂಗಡಿಯ ಗೋಡೆಗೆ,
ಕಳೆದುಹೋದ ಬೆಕ್ಕಿಗೂ ಮಾರಾಟಕ್ಕಿದ್ದ ತೊಟ್ಟಿಲಿಗೂ ನಡುವೆ:
'ನಿಮ್ಮ ಕಥೆ, ನಿಮ್ಮ ಹೆಸರಿನಲ್ಲೇ. ಬರೆದುಕೊಡಲಾಗುವುದು.'
ಕೆಳಗೆ ಹರಿದುಕೊಳ್ಳಲು ಹತ್ತು ಬಾಲ, ಬಾಲಕ್ಕೊಂದು ಫೋನ್ ನಂಬರು.
ಮೂರು ವಾರ ಯಾರೂ ಹರಿಯಲಿಲ್ಲ.
ನಾಲ್ಕನೆಯ ವಾರ ನಾನೇ ಎರಡು ಹರಿದೆ,
ಗಿರಾಕಿ ಇದೆ ಅಂತ ಕಾಣಲಿ ಎಂದು.

ಅದಕ್ಕೂ ಮುಂಚೆ ಹದಿನಾಲ್ಕು ವರ್ಷ
ಹಲ್ ಪಟ್ಟಣದ ಪತ್ರಿಕೆಯೊಂದರಲ್ಲಿ
ಸತ್ತವರ ಸುದ್ದಿ ಬರೆದವಳು ನಾನು.
ಪತ್ರಿಕೆಯೇ ಸತ್ತಾಗ ಬರೆಯಲು ಯಾರೂ ಉಳಿದಿರಲಿಲ್ಲ.

ಈ ಕಸುಬಿಗೆ ದೆವ್ವದ ಹೆಸರಿಟ್ಟವರು ತಿಳಿದವರೇ ಇರಬೇಕು.
ದೆವ್ವದ ಪಾದ ಹಿಂದುಮುಂದಂತೆ.
ಎದುರಿಗೆ ನಡೆಯುತ್ತದೆ,
ಹೆಜ್ಜೆ ಮಾತ್ರ ಹಿಂದಕ್ಕೆ ಮೂಡುತ್ತದೆ.

ಮೊದಲು ಕರೆದವನು ವಿಲ್ಫ್ರೆಡ್ ಡ್ರೂರಿ, ಎಂಬತ್ತೊಂದು ವರ್ಷ,
ಮೀನು ಹಡಗುಗಳಲ್ಲಿ ಅಡುಗೆ ಮಾಡಿದವನು.
'ದರ ಎಷ್ಟು?'
ಕನ್ನಡಿ ಮುಂದೆ ಹತ್ತು ಎಂದು ಅಭ್ಯಾಸ ಮಾಡಿದ್ದೆ,
ಬಾಯಿಗೆ ಬಂದದ್ದು ಆರು.
'ಪದಕ್ಕಾ? ಹಾಗಾದರೆ ಕಡಿಮೆ ಮಾತಾಡಬೇಕು' ಅಂದ.
ಕಡಿಮೆ ಮಾತಾಡಲಿಲ್ಲ.
ಬಿರುಗಾಳಿಯಲ್ಲಿ ಉರುಳಿದ ಮೂಟೆ ಈರುಳ್ಳಿ,
ಸೂಪಿನೊಳಗೆ ಸಿಕ್ಕಿದ ಕಪ್ತಾನನ ಕಟ್ಟುಹಲ್ಲು,
ಕಂಬದ ಮೇಲಿನ ಮಂಜುಗಡ್ಡೆಯನ್ನು ಕೊಡಲಿಯಿಂದ ಕಡಿದದ್ದು,
ಕಡಿಯದಿದ್ದರೆ ಹಡಗು ಮಗುಚುತ್ತಿತ್ತಂತೆ.
'ಉಪ್ಪು ಖಾರ ನೀನು ಹಚ್ಚಬೇಡ,
ಅದು ನನ್ನ ಕೆಲಸ.'

ರಾತ್ರಿ ಮನೆಗೆ ಬಂದು 'ನಾನು' ಎಂದು ಟೈಪು ಮಾಡಿ
ತುಂಬ ಹೊತ್ತು ಸುಮ್ಮನಿದ್ದೆ.
ಬೇರೆಯವರ ಕೋಟು ತೊಟ್ಟ ಹಾಗೆ,
ಜೇಬಿಗೆ ಕೈ ಹಾಕಲು ಸಂಕೋಚ.
ನಾನು ಅಂದರೆ ಗಂಡಸು, ಮೊಣಕೈವರೆಗೆ ಹಚ್ಚೆ,
ಹೆಂಡತಿ ಐರಿಸ್ ತೀರಿಕೊಂಡು ಒಂಬತ್ತು ವರ್ಷ.
ವಾರ ಕಳೆಯುವುದರೊಳಗೆ
ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳತೊಡಗಿದ್ದೆ,
ಅವನ ಹಾಗೆ.

ಐದನೆಯ ಭೇಟಿ.
'ಒಬ್ಬ ಹುಡುಗ ಇದ್ದ' ಅಂದ. 'ಹದಿನಾರೋ ಏನೋ.'
ಆಮೇಲೆ ಏನೂ ಇಲ್ಲ.
ರೆಕಾರ್ಡರಿನಲ್ಲಿ ಹನ್ನೊಂದು ನಿಮಿಷ:
ಕೆಟಲಿನ ಸದ್ದು, ಕುರ್ಚಿಯ ಕಿರುಗುಟ್ಟು,
ದೂರದಲ್ಲಿ ಯಾರೋ ಕಸದ ಡಬ್ಬ ಎಳೆದದ್ದು.
ಮೌನಕ್ಕೆ ನಾನು ದರ ಹೇಳಿರಲಿಲ್ಲ.
ಒಲೆಯ ಪಕ್ಕದ ಮೊಳೆಗೆ ಉಣ್ಣೆಯ ಕೈಗವಸು,
ಒಂದೇ ಒಂದು, ಅವನ ಕೈಗೆ ಚಿಕ್ಕದು.
ಕೇಳಲಿಲ್ಲ. ಅವನೂ ಹೇಳಲಿಲ್ಲ.
'ಮುಂದಿನ ಅಧ್ಯಾಯ ರೊಟ್ಟಿಯ ಬಗ್ಗೆ' ಅಂದ.

ಆ ಹನ್ನೊಂದು ನಿಮಿಷವನ್ನು ಎಂಟು ಸಲ ಕೇಳಿದೆ.
ಎರಡು ಪುಟ ಬರೆದೆ, ಅಲೆ, ಕತ್ತಲು, ಕೂಗು.
ಎಲ್ಲ ಅಳಿಸಿದೆ.
ಕೊನೆಗೆ ಉಳಿಸಿದ್ದು ಇಷ್ಟು:
'ನನ್ನ ಕೈಯಲ್ಲಿ ಬರೀ ಕೈಗವಸು ಉಳಿಯಿತು.'
ಐದು ಪದ. ಮೂವತ್ತು ಪೆನ್ಸ್.

ಕನ್ನಡಕ ಒರೆಸಿಕೊಂಡು ಓದಿದ, ಬೆರಳಿಟ್ಟು ಓದಿದ,
ಆ ಸಾಲಿನ ಮೇಲೆ ಬೆರಳು ನಿಂತೇ ಇತ್ತು.
'ಇದು ನಾನು ಹೇಳಿದ್ದೆ, ಅಲ್ಲವಾ?'
'ಹೌದು' ಅಂದೆ.
'ಹೀಗೇ ಹೇಳಿದ್ದೆ.'
'ಹೀಗೇ.'

ಚರ್ಚಿನ ಹಿಂದಿನ ಸಭಾಂಗಣದಲ್ಲಿ ಬಿಡುಗಡೆ, ನಲವತ್ತು ಪ್ರತಿ.
ಮೊಮ್ಮಗಳು ಮೈಕು ಹಿಡಿದು ಓದಿದಳು:
'ನಮ್ಮ ತಾತ ಶಾಲೆಯಲ್ಲಿ ಒಂದು ಪ್ರಬಂಧವನ್ನೂ ಮುಗಿಸಿದವರಲ್ಲ!'
ಎಲ್ಲರೂ ನಕ್ಕರು. ಮೂರನೆಯ ಸಾಲಿನಲ್ಲಿ ನಾನೂ ನಕ್ಕೆ,
ಬಿಸ್ಕತ್ತಿನ ಪುಡಿ ಮಡಿಲಿಗೆ ಬಿತ್ತು.
ಪಕ್ಕದ ಹೆಂಗಸು ಒರೆಸಲು ಕಾಗದ ಕೊಟ್ಟು ಕೇಳಿದಳು,
'ನೀವು ಅವರಿಗೆ ಏನಾಗಬೇಕು?'
'ನಾನು' ಅಂದೆ.
ಮುಂದಿನ ಪದ ಹೊಳೆಯಲಿಲ್ಲ.

ಹೊರಗೆ ಹಂಬರ್ ನದಿಯ ಗಾಳಿ. ಫೋನು ಬಡಿದುಕೊಂಡಿತು.
ಯಾರೋ ದಂತವೈದ್ಯರು, ಚೀಟಿಯ ಬಾಲ ಸಿಕ್ಕಿತಂತೆ,
ತಾನು ಮೇಲೆ ಬಂದ ಕಥೆ ಬರೆಸಬೇಕಂತೆ.
'ದರ?'
'ಹನ್ನೆರಡು' ಅಂದೆ, ಕನ್ನಡಿ ಇಲ್ಲದೆ.
ಆ ಕಡೆ ಸ್ವಲ್ಪ ಮೌನ. ಅದನ್ನೂ ಗಮನವಿಟ್ಟು ಕೇಳಿಸಿಕೊಂಡೆ.

ನಾಳೆಯಿಂದ ನಾನು ಹಲ್ ಊರಿನ ಹಲ್ಲಿನ ಡಾಕ್ಟರು,
ಚಿಕ್ಕಂದಿನಲ್ಲಿ ರಕ್ತ ಕಂಡರೆ ಹೆದರುತ್ತಿದ್ದವನು.