ಸಡಲ ಹೊಲಿಗಿ

ಮೂವತ್ತೆಂಟು ಇಂಚು, ಅಂದೆ,
ಟೇಪಿನ ತುದಿ ಅಕಿ ಹೊಕ್ಕಳದ ಕೆಳಗ ಹಿಡಿದು.
"ಬಿಗಿ ಬ್ಯಾಡ ಅಕ್ಕಾ," ಅಂದ್ಲು ಅನುಪಮಾ ಬಿರಾದಾರ,
"ಕಾಸು ಒಂದಕ್ಕೊಂದು ಬಡೀಬೇಕು.
ಮಾತಾಡಬೇಕು."

ಸ್ಟೇಶನ್ ರೋಡಿನ್ಯಾಗ ಮಷಿನ್ ತುಳಿಯಾಕ ಹತ್ತಿ
ಇಪ್ಪತ್ತೆರಡು ವರ್ಷ.
ಸಡಲ ಹೊಲಿ ಅಂದವರನ್ನ ಕಂಡಿದ್ದಿಲ್ಲ.
ಎಲ್ಲಾರಿಗೂ ಬಿಗೀನ ಬೇಕು,
ಜಂಪರ ಬಿಗಿ, ಉಡಿ ಬಿಗಿ, ಬಾಯಿ ಬಿಗಿ.

ಕೆಂಪು ಜಾರ್ಜೆಟ್, ಮೂರು ಸಾಲು ನಾಣ್ಯ.
ಪುಣೆದಿಂದ ತರಿಸಿದ ತಗಡಿನ ಚೂರು ನೋಡಿ
ನನಗ ನಗಿ ಬಂತು.
ಊದಿದ್ರ ಹಾರತಾವು,
ಇವಕ್ಕೆಲ್ಲಿ ದನಿ?

ಯಾಡಿಯ ಯಾಡಿ, ಘಮಲಿಬಾಯಿ,
ಕಾಂಚಳಿ ಅಂಚಿಗೆ ತೂತಿನ ಕಾಸು ಹೊಲಕೊಂಡಾಕಿ,
ನಡುನಡುವ ಕವಡಿ, ಕನ್ನಡಿ ಚೂರು.
ಅಕಿ ನೀರಿಗೆ ಹೊಂಟ್ರ ಇಡೀ ತಾಂಡಾಕ್ಕ ಗೊತ್ತು.
"ಗಂಟು ಇಟ್ಟರ ಕಳ್ಳ ಒಯ್ತಾನ,
ಮೈಗೆ ಹೊಲಿದ್ರ ಮೈ ಜೋಡಿ ಬರತೈತಿ," ಅಂತಿದ್ಲು.
ಅಕಿ ಕಂಡ ಬ್ಯಾಂಕು ಅಷ್ಟ.

ಈಜಿಪ್ತಿನ್ಯಾಗೂ ಹಿಂಗ ಇತ್ತಂತ.
ಊರೂರು ತಿರುಗಿ ಕುಣಿಯೋ ಹೆಂಗಸರು
ಗಳಿಸಿದ್ದನ್ನೆಲ್ಲ ಮೈಮ್ಯಾಲ ಹೇರಿಕೊಂಡು ನಡೀತಿದ್ದರಂತ.
ಒಬ್ಬ ದೊರಿಗೆ ಸಿಟ್ಟು ಬಂದು
ಎಲ್ಲಾರನ್ನೂ ರಾಜಧಾನಿ ಬಿಟ್ಟು ಓಡಿಸಿದ,
ನದಿಗುಂಟ ದೂರ, ಸುಡೋ ತೆಂಕಣಕ್ಕ.
"ಮತ್ತ ಊರು ಕುಣಿತ ಬಿಟ್ಟಿತೇನು?" ಅಂದೆ.
"ಇಲ್ಲ. ಗಂಡಸರು ಲಂಗಾ ಉಟ್ಟು ಕುಣಿದ್ರು."
ಬಾಯಾಗ ಕಚ್ಚಿದ ಸೂಜಿ ನುಂಗತಿದ್ದೆ, ಅಷ್ಟು ನಕ್ಕೆ.

ಆಮ್ಯಾಲ ಅಮೆರಿಕಾದವರು ದೊಡ್ಡ ಪ್ರದರ್ಶನ ಹಾಕಿ
ಟಿಕೀಟಿಟ್ಟು ತೋರಿಸಿದರಂತ.
ತೋಳು ಇತ್ತು, ಕಣ್ಣು ಇತ್ತು, ನೆಲ ಒತ್ತೋ ಹಿಮ್ಮಡ ಇತ್ತು.
ಅವರಿಗೆ ಕಂಡಿದ್ದು ಬರೇ ಹೊಟ್ಟಿ.
ಅದ ಹೆಸರು ಜಗತ್ತಿಗೆಲ್ಲ ನಿಂತಿತು.
ಅಲ್ಲಿಯವರು ಕರಿಯೋದು ಬ್ಯಾರೆ: ರಕ್ಸ್ ಶರ್ಕಿ,
ಮೂಡಣದ ಕುಣಿತ.

ರಕ್ಸ್ ಅಂದಕೂಡಲೆ ಬಾಜೂಕ ರಿಪೇರಿ ಮಾಡತಿದ್ದ ಮಕ್ತುಮಸಾಬ
ಎಣ್ಣಿ ಡಬ್ಬಿ ಕೆಳಗಿಟ್ಟ:
"ಅದು ನಮ್ಮ ಮನಿ ಮಾತಲ್ಲೇನವಾ?"
ನಾ ಮಾತ್ರ ಮೂಡಣಕ್ಕ ಸಿಕ್ಕೊಂಡೆ.
ಯಾರಿಂದ ಮೂಡಣ?
ಅವರಿಂದ ಮೂಡಣಕ್ಕ ವಿಜಯಪುರ,
ನಮ್ಮಿಂದ ಮೂಡಣಕ್ಕ ಸಿಂದಗಿ.
ಸಿಂದಗಿಯೊಳಗ ಯಾರೂ ಹಿಂಗ ಕುಣಿದಿದ್ದು ಕಂಡಿಲ್ಲ.

ಸಂಜಿ ಆರಕ್ಕ ಪಟ್ಟಿ ಕೊಡಾಕ ಹೋದೆ.
ಜಲನಗರದಾಗ ಮಹಡಿ ಮ್ಯಾಲಿನ ಖೋಲಿ,
ಕಿಟಕಿಗೆ ಹಳೇ ಚಾದರ,
ಫೋನೆಲ್ಲ ಒಂದು ರೊಟ್ಟಿ ಬುಟ್ಟಿಯೊಳಗ, ಮ್ಯಾಲ ಮುಚ್ಚಳ.
ಮೊಳಿಗೆ ಒಂದು ಬುರ್ಖಾ, ಎರಡು ವೇಲು,
ದವಾಖಾನಿ ನರ್ಸಿನ ಬಿಳೇ ಕೋಟು.
ದುಮ್ ತಕ, ತಕ ದುಮ್, ಸಣ್ಣ ಸ್ಪೀಕರ್.
"ಎದಿ ಅಲ್ಲೇ ನಿಲ್ಲಲಿ.
ಸೊಂಟದಿಂದ ಎಂಟು ಬರೀರಿ.
ಕನ್ನಡದ ಎಂಟಲ್ಲ, ಇಂಗ್ಲೀಷಿಂದು!"

ತಗಡಿನ ನಡುವ ಘಮಲಿಬಾಯಿಯ ನಾಕು ತೂತಿನ ಕಾಸು
ಸೇರಿಸಿದ್ದೆ. ಹೇಳಿದ್ದಿಲ್ಲ.
ಅನುಪಮಾ ಒಮ್ಮೆ ಅಲ್ಲಾಡಿಸಿದ್ಲು,
ತಲಿ ವಾರಿ ಮಾಡಿ ಕೇಳಿದ್ಲು,
ನನ್ನ ನಡಕ್ಕ ಕಟ್ಟಿದ್ಲು.

ನನ್ನ ಹೊಟ್ಟಿ.
ಮೂವತ್ತೊಂದಕ್ಕ ಚೀಲ ತೆಗೆದ ಗಾಯ ಅಲ್ಲೈತಿ,
ಒಂಬತ್ತು ಟಾಕಿ, ಒಂದೂ ಸಮ ಇಲ್ಲ.
ನನ್ನ ಅಂಗಡಿ ಹುಡುಗಿ ಹಾಕಿದ್ರ ಬಿಚ್ಚಸ್ತಿದ್ದೆ.
"ಇನ್ನ ಅದರದೇನು ಕೆಲಸ ಬಾಯಿ," ಅಂದಿದ್ದ ಡಾಕ್ಟರ.
ಅವತ್ತಿಂದ ಸೀರಿ ಗಂಟು ಅದರ ಮ್ಯಾಲ,
ಬಿಗಿ.

ಎಡಕ್ಕ ಎತ್ತಿದೆ. ಏನಿಲ್ಲ.
ಬಲಕ್ಕ. ಮೊಣಕಾಲು ನಡುಗಿತು, ನರ್ಸ್ ನಕ್ಕಳು,
ನಾನೂ ನಕ್ಕೆ,
ನಗೋದರಾಗ ಹೊಟ್ಟಿ ತಾನ ಕುಣೀತು,
ತಗಡಿನ ಗದ್ದಲದಾಗ ಒಂದು ಹಳೇ ಕಾಸು
ಠಣ್ ಅಂತು.

ನೀರಿಗೆ ಯಾರೋ ಹೊಂಟಂಗ.

ಮನಿಗೆ ಬಂದ ಮ್ಯಾಲ ನೆನಪಾತು, ಕೂಲಿ ಇಸಗೊಂಡಿಲ್ಲ,
ಮುನ್ನೂರಾ ಐವತ್ತು.
ನಾಳೆ ಹೋಗಿ ಕೇಳಬೇಕು,
ಆರಕ್ಕ.