ತೊಯ್ದ ನೋಟು

ಬೀದರದ ಥಂಡಿ ಕೆಳಗಿನ ಊರಿನವ್ರಿಗಿ ಗೊತ್ತಿಲ್ಲ.
ಕೆಂಪು ಕಲ್ಲಿನ ಗುಡ್ಡದ ಮ್ಯಾಲಿನ ಊರು ಇದು.
ಪುಷ್ಯ ಮಾಸದಾಗ ಕಂಬ ಹತ್ತಿದವಗ ಗೊತ್ತು,
ತಂತಿಕಿಂತ ಮೊದಲು ಗಾಳಿ ಶಾಕ್ ಹೊಡೀತದ.

ಮಂದಿಗಿ ಬೆಳಕು ಕೊಡೋ ಕೆಲಸ ನನ್ನ ಮಗಂದು
ಅಂತಾಳ ಅವ್ವ. ಖರೆ.
ಆದ್ರ ತಿಂಗಳ ಕೊನಿ ವಾರ ಕೊಡೋದೇನಿಲ್ಲ.
ಒಂದು ಕಟಿಂಗ್ ಪ್ಲೈಯರ್, ಒಂದು ಯಾದಿ.
ಈ ಸಲ ಹತ್ತೊಂಬತ್ತು ಹೆಸರು.

ಬಸ್ ಸ್ಟ್ಯಾಂಡ್ ಹಿಂದ ಹಲೀಮಾ ಬೀ ಹಂಡೆ.
ಅಡ್ಡೆದಾಗಿನ ಚಕ್ಕಿ, ಒಡೆದ ಖೋಕಿ ಹಲಗಿ,
ಸಿಕ್ಕಿದ್ದು ಉರೀಬೇಕು, ನೀರು ಕಾಯಬೇಕು.
ಬಕೆಟ್ಟಿಗಿ ಇಪ್ಪತ್ತು.
ಲಾರಿ ಡ್ರೈವರ್‌ಗೋಳು, ಉದಗೀರ್ ಬಸ್ಸಿನ ಮಂದಿ,
ರಾತ್ರಿಯೆಲ್ಲ ಫಾಲ್ಟ್ ಹುಡುಕಿ ಬಂದ ನಾನು,
ಟವೆಲ್ ಸುತ್ಕೊಂಡು ಸಾಲಾಗಿ ನಡುಗ್ತಿದ್ವಿ.

"ಇವತ್ತು ಯಾರ್‍ಯಾರ ಮನಿ ಕತ್ತಲ ಮಾಡ್ತಿ, ಬಾಬಾ?"
ನಗಲಿಕ್ಕ ಕೇಳಿದ್ಳು ಅನ್ಕೊಂಡೆ.
ನಗಲಿಕ್ಕೇ ಓದಿದೆ.
ಮಂಗಲಪೇಟ, ಸುವಾರ್ತಾ, ಎರಡು ಸಾವಿರದ ನೂರಾ ನಲ್ವತ್ತು.
ನೀರು ತೋಡೋ ಕೈ ಅಲ್ಲೇ ನಿಂತಿತು.
"ಆಕಿ ಕೂಸು ಏಳನೇ ತಿಂಗಳಿಗೇ ಹುಟ್ಯಾದಲ್ಲ?"
ನನಗೇನ್ ಗೊತ್ತು.
ಯಾದಿಯಾಗ ಖಾತೆ ನಂಬರ್ ಇರ್ತದ, ಕೂಸಿನ ತಿಂಗಳು ಇರಲ್ಲ.

ಸುವಾರ್ತಾ ಮೊದಲು ಬಾಗಿಲು ತೆಗಿಲಿಲ್ಲ, ಗಾಳಿ ಬರ್ತದಂತ.
ಸಂದಿಯಿಂದ ನೋಡ್ದೆ.
ಗುಜರಿಯಿಂದ ತಂದ ಹೀಟರ್, ಕೆಂಪಗ ಕಾದ ಸುರುಳಿ,
ಹತ್ತಿಯಾಗ ಸುತ್ತಿ ಎದಿಗಿ ಅವಚಿಕೊಂಡ
ದೀಡ್ ಕಿಲೋ ಜೀವ.
"ಕರೆಂಟ್ ಫ್ರೀ ಇತ್ತಲ್ರಿ?"
ಇತ್ತು. ಹೋದ ವರ್ಷದ ಸರಾಸರಿ ತನಕ.
ಬಿಲ್ಲು ತಿರುವಿ ತೋರಿಸ್ದೆ, ಲೆಕ್ಕ ಬರಾಬರ್ ಅದ.
ಹೋದ ವರ್ಷದ ಸರಾಸರಿಯಾಗ
ಈ ಕೂಸು ಇರಲಿಲ್ಲ.

ಮೂಲ್ಯಾಗ ಹೊಸ ಕಂಬಳಿ, ಪ್ಲಾಸ್ಟಿಕ್ ಸುದ್ದಾ ತೆಗೆದಿಲ್ಲ.
ಆದಿತವಾರ ಜೀಪಿನಾಗ ಬಂದು ಯಾರೋ ಹಂಚ್ಯಾರ.
ಫೋಟೋಕ್ಕ ಕೂಸಿನ್ನ ಹೊರಗ ತರ್ರಿ ಅಂದ್ರಂತ.
ತರಲಿಲ್ಲ. ಕಂಬಳಿ ಒಂದೇ ಎತ್ತಿ ಹಿಡಿದು ನಿಂತಾಳ,
"ಇನ್ನೂ ಮ್ಯಾಲ, ನಮ್ಮ ಹೆಸರು ಕಾಣಲಿ" ಅಂದಷ್ಟೂ ಮ್ಯಾಲ.

ನಾಳೆ ಬರ್ತಿನಿ ಅಂದೆ.
ಕಂಬ ಅಲ್ಲೇ ಇತ್ತು, ನಿಚ್ಚಣಿಕಿ ಇತ್ತು,
ಕೈ ಸುದ್ದಾ ಇದ್ವು.

ಮರುದಿನ ಕೌಂಟರಿನಾಗ ವೈಜನಾಥ ಬೈಕೊಂತ ಕುಂತಿದ್ದ.
ಟೇಬಲ್ ತುಂಬ ಹತ್ತರ ನೋಟು, ಇಪ್ಪತ್ತರ ನೋಟು ಹಾಸಿ
ಫ್ಯಾನ್ ಹಚ್ಯಾನ, ಈ ಥಂಡ್ಯಾಗ!
"ಯಾರೋ ಸಣ್ಣ ಹುಡುಗನ ಕೈಯಾಗ ಚೀಟಿ ಕೊಟ್ಟು ಕಳಿಸ್ಯಾರ.
ಸುವಾರ್ತಾ ಅಂತ ಅದ, ಕಟ್ಟಿದವ್ರ ಹೆಸರಿಲ್ಲ.
ಎಲ್ಲಾ ತೊಯ್ದಾವ ನೋಡು, ಹೊಗಿ ವಾಸನಿ ಬ್ಯಾರೆ."
ಒಂದು ನೋಟು ಎತ್ತಿ ಮೂಗಿಗಿ ಹಿಡಿದೆ.
ಏನೂ ಅನ್ನಲಿಲ್ಲ.
ನೂರಾ ಏಳು ಬಕೆಟ್ ಅಂತ
ಒಳಗೇ ಲೆಕ್ಕ ಮಾಡ್ದೆ.

ಉಳಿದ ಹದಿನೆಂಟು ಕಟ್ ಮಾಡ್ದೆ, ಅದನ್ನೂ ಹೇಳಬೇಕು.
ಒಂದು ಮನ್ಯಾಗ ಅಜ್ಜ ಒಬ್ಬ ಹೊರಗ ಬಂದು
ನಿಚ್ಚಣಿಕಿ ಗಟ್ಟಿ ಹಿಡಕೊಂಡು ನಿಂತ,
ನಾ ಬೀಳಬಾರದಂತ.

ಈಗ ತಿಂಗಳ ಕೊನಿ ವಾರ
ಹಂಡೆ ಮುಂದ ನಿಂತು ಯಾದಿ ಓದ್ತಿನಿ, ಸ್ವಲ್ಪ ಜೋರಾಗಿ.
ಯಾರಿಗೂ ಅಲ್ಲ. ಓದಿದ್ರ ನೆನಪಿರ್ತದಂತ.
ಆಕಿ ಕೇಳಿಸಿಕೊಂಡಂಗ ಕಾಣಲ್ಲ,
ಒಲಿಯೊಳಗ ಹಲಗಿ ದೂಡ್ತಾಳ, ಕಣ್ಣು ಒರಸ್ತಾಳ, ಹೊಗಿ.

ಐವತ್ತರ ನೋಟು ಕೊಟ್ಟು ಇರಲಿ ಅಂದ್ರ
ಮೂವತ್ತು ಎಣಿಸಿ ವಾಪಸ್ ಕೊಡ್ತಾಳ,
ತೊಯ್ದ ಕೈಲೆ.